ಹಿಡಿದುಕೊಳ್ಳುವವನು

ಬೆಳಗಾಗಿದೆ ಎಂದು ಪ್ರವೀಣನಿಗೆ ತಿಳಿದದ್ದು ಕಣ್ಣಿಂದಲ್ಲ, ಕಿವಿಯಿಂದ. ಹೆದ್ದಾರಿಯಲ್ಲಿ ಉಡುಪಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸು ಹಾರ್ನ್ ಹೊಡೆದದ್ದು, ಅಮ್ಮ ಬಾವಿಗೆ ಕೊಡಪಾನ ಇಳಿಸಿದ್ದು, ಪಕ್ಕದ ಮನೆಯ ವನಜನ ಮಗು ಅತ್ತದ್ದು ಎಲ್ಲ ಕೇಳಿಸಿತು. ಕಣ್ಣು ಮಾತ್ರ ಬಿಡಲಾಗಲಿಲ್ಲ. ರೆಪ್ಪೆಯ ಒಳಗೆ ಯಾರೋ ಕಡಲದಂಡೆಯ ಹೊಯ್ಗೆ ಸುರಿದು ಉಜ್ಜಿದ ಹಾಗೆ. ಬೆರಳಿಂದ ಬಿಡಿಸಲು ನೋಡಿದ. ಬಾಗಿಲ ಸಂದಿಯಲ್ಲಿ ಬಂದ ಇಷ್ಟೇ ಇಷ್ಟು ಬೆಳಕು ತಲೆಯ ಹಿಂಭಾಗದವರೆಗೂ ಚುಚ್ಚಿಕೊಂಡು ಹೋಯಿತು, ಕೆನ್ನೆ ತುಂಬ ನೀರಿಳಿಯಿತು. ಅಳುತ್ತಿಲ್ಲ, ಆದರೂ ನೋಡಿದವರು ಅಳುತ್ತಿದ್ದಾನೆ ಅಂದುಕೊಳ್ಳುತ್ತಾರೆ ಎಂದು ಅದಕ್ಕೇ ಸಿಟ್ಟು ಬಂತು. ಹಾಳಾದ್ದು, ಇವತ್ತೇ ಆಗಬೇಕಿತ್ತೇ. ಇವತ್ತು ಬೀಜಾಡಿಯ ಮನೆಗೆ ಗೇಟು ಕೂರಿಸುವ ದಿನ. ಇವತ್ತು ವೆಲ್ಡಿಂಗ್ ರಾಡು ಸಿಕ್ಕಿಸುವ ಹೋಲ್ಡರು ಅವನ ಕೈಗೆ ಬರುವ ದಿನ. ವೆಲ್ಡಿಂಗ್ ಶಾಪಿನ ಯಜಮಾನ ಭೋಜ ಶೆಟ್ಟರು ತಾವಾಗಿಯೇ ಹೇಳಿದ್ದರು, ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಬಂದು, ಶಾಪಿನಲ್ಲಿ ನಾಲ್ಕು ಜನ ಕೇಳುವ ಹಾಗೆ: ಬೀಜಾಡಿ ಗೇಟ್ ನೀನೇ ಕೂರ್ಸ್ ಮಾಣಿ. ಅಷ್ಟು ದಿನ ವೆಲ್ಡಿಂಗ್ ಕಲಿಯುತ್ತಿದ್ದೇನೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ ಪ್ರವೀಣ ಕಲಿತದ್ದು ಹಿಡಿದುಕೊಳ್ಳುವುದನ್ನು. ಪೈಪು ಹಿಡಿದುಕೊ, ಪಟ್ಟಿ ಹಿಡಿದುಕೊ, ಕಿಟಕಿಯ ಗ್ರಿಲ್ಲು ಹಿಡಿದುಕೊ. ಹೊಡೆಯುವವನು ಬೇರೆ, ಹೊಡೆಯುವವನ ಮುಖಕ್ಕೆ ಕಪ್ಪು ಗಾಜಿನ ಶೀಲ್ಡು. ಹಿಡಿದುಕೊಳ್ಳುವವನಿಗೆ ದೇವರು ಕೊಟ್ಟ ಎರಡು ರೆಪ್ಪೆ.

ಆ ರೆಪ್ಪೆಯನ್ನಾದರೂ ಮುಚ್ಚಲು ಬಿಟ್ಟಿದ್ದರೆ ಆಗುತ್ತಿತ್ತು. ನಿನ್ನೆ ಅದೇ ಗೇಟಿನ ಅಡ್ಡಪಟ್ಟಿಗೆ ಹೊಡೆದದ್ದು ನಿತೇಶ, ಶೆಟ್ಟರ ಅಕ್ಕನ ಮಗ, ಬ್ರಹ್ಮಾವರದಿಂದ ಬಂದು ಇನ್ನೂ ತಿಂಗಳಾಗದವನು. ಕಾಲೇಜಿಗೆ ಹೋಗಲಾರೆ ಅಂದವನನ್ನು ಅಕ್ಕ ಇಲ್ಲಿಗೆ ಕಳಿಸಿದ್ದಳು. ಪಳಗಿದ ಕೈಯಾದರೆ ಒಂದು ಸಲ ರಾಡು ಮುಟ್ಟಿಸಿ ಬೆಂಕಿ ಹಿಡಿಸಿ ಕೊನೆಯವರೆಗೆ ಎಳೆದುಕೊಂಡು ಹೋಗುತ್ತದೆ. ನಿತೇಶನದು ಹಾಗಲ್ಲ. ಮುಟ್ಟಿಸಿದರೆ ಅಂಟುತ್ತದೆ, ಕಿತ್ತರೆ ಆರುತ್ತದೆ, ಮತ್ತೆ ಚರ್ ಅನ್ನುತ್ತದೆ, ಮತ್ತೆ ಅಂಟುತ್ತದೆ. ಪ್ರತಿ ಸಲವೂ ಮಿಂಚು. ಪ್ರವೀಣ ಮುಖ ತಿರುಗಿಸಿದ್ದಕ್ಕೆ ಪಟ್ಟಿ ಒಂದು ಕೂದಲೆಳೆ ಜಾರಿತು, ಶೆಟ್ಟರು ಕುರ್ಚಿಯಲ್ಲಿ ಕೂತಲ್ಲಿಂದಲೇ ಹೇಳಿದರು, ಕಣ್ ಬಿಟ್ಕಂಡ್ ಹಿಡಿ, ಲೈನ್ ತಪ್ತಾ ಇತ್ತ್ ಕಾಣ್. ಶಾಪಿನ ಎರಡನೆಯ ಶೀಲ್ಡಿನ ಗಾಜು ಒಡೆದು ಯಾವ ಕಾಲವಾಯಿತೋ. ಅದನ್ನು ಗೋಡೆಗೆ ನೇತುಹಾಕಿ ಆಯುಧಪೂಜೆಗೆ ಚೆಂಡುಹೂವಿನ ಮಾಲೆ ಹಾಕಿದರೇ ಹೊರತು ಗಾಜು ಹಾಕಿಸಲಿಲ್ಲ. ತರ್ಸುವ ಮರಾಯ, ಕುಂದಾಪುರಕ್ ಹೋದಾಗ ತರ್ಸುವ. ಶೆಟ್ಟರು ದಿನಾ ಕುಂದಾಪುರಕ್ಕೆ ಹೋಗುತ್ತಾರೆ. ಪ್ರವೀಣ ಕಣ್ಣು ಬಿಟ್ಟುಕೊಂಡು ಹಿಡಿದ. ಕಣ್ಣು ಬಿಡುವುದಿಲ್ಲ ಅನ್ನಬಹುದಿತ್ತು. ಅನ್ನಲಿಲ್ಲ, ಯಾಕೆಂದರೆ ಮರುದಿನ ಬೀಜಾಡಿ ಇತ್ತು, ಮೂಗಿಗೆ ಸವರಿದ ತುಪ್ಪದ ವಾಸನೆ ಇನ್ನೂ ಹೋಗಿರಲಿಲ್ಲ. ಅದನ್ನು ನೆನೆದರೆ ಶೆಟ್ಟರ ಮೇಲಿನ ಸಿಟ್ಟಿಗಿಂತ ತನ್ನ ಮೇಲಿನದೇ ಹೆಚ್ಚಾಗುತ್ತಿತ್ತು.

"ಏಳ್ ಮಗಾ, ವನಜನ ಮನಿಗ್ ಹೋಪ," ಅಂದಳು ಅಮ್ಮ. ಒದ್ದೆ ಕೈಯಿಂದ ಅವನ ಹಣೆ ಮುಟ್ಟಿ ನೋಡಿದಳು. "ಒಂಚೂರ್ ಹಾಲ್ ಬಿಟ್ರೆ ತಂಪಾತ್ತ್."

"ನಾ ಬಪ್ಪುದಿಲ್ಲ."

"ಬಪ್ಪುದಿಲ್ಲ ಅಂದ್ರೆ ಹೀಂಗೇ ಕೂಕಂತ್ಯಾ? ಬೀಜಾಡಿಗ್ ಹೋಯ್ಕ್ ಅಂದಿದ್ದೆ ಅಲ್ದಾ?"

ವೆಲ್ಡಿಂಗಿನವರಿಗೆ ಇದು ಗೊತ್ತಿಲ್ಲದ ಮದ್ದಲ್ಲ. ಗಂಗೊಳ್ಳಿಯ ಬೋಟಿನ ಶೆಡ್ಡುಗಳಿಂದ ಹಿಡಿದು ಬೈಂದೂರಿನ ತನಕ ಯಾರ ಕಣ್ಣಿಗೆ ಬೆಳಕು ಹೊಡೆದರೂ ಡಾಕ್ಟರಿಗಿಂತ ಮೊದಲು ಎದೆಹಾಲಿಗಾಗಿ ಬಾಣಂತಿ ಇರುವ ಮನೆ ಹುಡುಕುತ್ತಾರೆ. ಬೇರೆಯವರಿಗೆ ಆದಾಗ ಪ್ರವೀಣನೂ ನಕ್ಕಿದ್ದ. ಈಗ ಅಮ್ಮನ ಕೈ ಹಿಡಿದುಕೊಂಡು, ಮೀಸೆ ಬಂದ ಗಂಡಸು, ತನ್ನದೇ ಅಂಗಳದಲ್ಲಿ ತೆಂಗಿನ ಬುಡಕ್ಕೆ ಎಡವುತ್ತ ನಡೆದ. ವನಜ ಏಳನೆಯ ಕ್ಲಾಸಿನವರೆಗೆ ಅವನ ಜೊತೆಗೇ ಓದಿದವಳು. ಲೆಕ್ಕದಲ್ಲಿ ಅವನಿಗಿಂತ ಮುಂದಿದ್ದಳು, ಅವನ ಸ್ಲೇಟು ನೋಡಿ ನಗುತ್ತಿದ್ದಳು. ಗಂಡ ಮುಂಬೈಯ ಕ್ಯಾಂಟೀನಿನಲ್ಲಿ, ಇವಳು ಬಾಣಂತನಕ್ಕೆ ಅಮ್ಮನ ಮನೆಯಲ್ಲಿ. ಜಗಲಿಯ ಮೇಲೆ ಕೂರಿಸಿದರು. ಎಣ್ಣೆಯ ವಾಸನೆ, ಬಿಸಿನೀರಿನ ವಾಸನೆ, ಸಾಂಬ್ರಾಣಿ. ಒಳಗೆ ಬಾಗಿಲ ಆಚೆ ಪಿಸಪಿಸ ಮಾತು.

"ಮಗಿಗ್ ಕೊಡ್ತಾ ಇದ್ದೆ ಪ್ರಭಾವತಕ್ಕ. ಒಂಚೂರ್ ನಿಲ್ಲಿ," ಎಂದು ವನಜ ಅಮ್ಮನಿಗೆ ಅನ್ನುವುದು ಕೇಳಿಸಿತು. ಆಮೇಲೆ ಮಗುವಿನ ಅಳು. ಕುಡಿಯುವುದನ್ನು ಅರ್ಧಕ್ಕೆ ಬಿಡಿಸಿದ ಅಳು ಎಂದು ಗುರುತು ಹಿಡಿಯಲು ತಾಯಿಯೇ ಆಗಬೇಕೆಂದಿಲ್ಲ. ಪ್ರವೀಣನಿಗೆ ಎದ್ದು ಓಡಿಬಿಡೋಣ ಅನ್ನಿಸಿತು. ಓಡುವುದೆಲ್ಲಿಗೆ, ಕಣ್ಣಿದ್ದರಲ್ಲವೇ. ಶೆಟ್ಟರು ಒಂದು ಗಾಜು ತರಿಸದೆ ಉಳಿಸಿದ್ದು ಈಗ ಈ ಮಗುವಿನ ಬಾಯಿಂದ ಕಿತ್ತು ತುಂಬಿಸಬೇಕಾಗಿದೆ. ಇದಕ್ಕಿಂತ ಅಪಮಾನ ಬೇರೆ ಇದೆಯೇ? ಅಮ್ಮ ಮಗುವಿಗೆ ಕುಡಿಸುವ ಒಳಲೆಯಲ್ಲೇ ಹಾಲು ತಂದು ಅವನ ತಲೆ ಹಿಂದಕ್ಕೆ ಬಗ್ಗಿಸಿ ರೆಪ್ಪೆ ಬಿಡಿಸಿದಳು. ಬೆಚ್ಚಗಿತ್ತು. ಉರಿಯ ಮೇಲೆ ಬೆಚ್ಚಗಿನದು ಇಷ್ಟು ಹಿತವಾಗುತ್ತದೆ ಎಂದು ಅವನು ಎಣಿಸಿರಲಿಲ್ಲ. ಹಿತವಾದದ್ದಕ್ಕೇ ಇನ್ನಷ್ಟು ನಾಚಿಕೆಯಾಯಿತು.

ವನಜ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದಳು. ಅವಳಿಗೆ ಮೊದಲಿಂದಲೂ ಬಾಯಿ ಜೋರು. "ನಿಮ್ ಶೆಟ್ರ್ ಮನಿಯಂಗೂ ಬಾಣಂತಿ ಇತ್ತಲ್ದಾ? ಅವ್ರ್ ಮಗ್ಳ್ ವಿಜೇತಾ ಹೆರ್ಗಿಗ್ ಬಂದಿತ್ತಂಬ್ರ್. ಅವ್ರ್ ಕೆಲ್ಸದಂಗೆ ಹೋದ್ ಕಣ್ಣಿಗ್ ಅಲ್ಲ್ ಹೋಯ್ ಕೇಂಬುಕಾಗ್ದಾ?"

"ಸುಮ್ನಿರ್ ಹೆಣ್ಣೆ," ಅಂದಳು ಅಮ್ಮ. "ದೊಡ್ಡೋರ್ ಮನಿ ಸುದ್ದಿ ನಮ್ಗ್ ಎಂತಕ್ಕೆ. ಶೆಟ್ರಿಗೂ ಒಂದ್ ಕಾಲದಂಗೆ ಹೀಂಗೇ ಆಯ್ತ್. ಅವ್ರ್ ಇಲ್ಲೇ ಕೋಟೇಶ್ವರದ ಶೆಡ್ಡಿನಂಗೆ ಕೆಲ್ಸ ಕಲೀತಿದ್ರ್, ಇವ ತೊಟ್ಲಂಗಿದ್ದ. ಆಗ ಹಾಲ್ ಬಿಟ್ಟದ್ದ್ ನಾನೇ. ಹ್ವಾಯ್ ಪ್ರಭಾವತಕ್ಕ ಅಂದ್ಕಂಡ್ ಕಣ್ ಮುಚ್ಕಂಡ್ ಬಂದಿದ್ರ್, ಪಾಪ."

ಅಮ್ಮ ಹೇಳಿದ್ದು ಹೆಮ್ಮೆಯಿಂದಲ್ಲ, ದೂರಿನಿಂದಲೂ ಅಲ್ಲ. ಆ ವರ್ಷ ಮಳೆ ಹೆಚ್ಚು ಬಂದಿತ್ತು ಅಂದ ಹಾಗೆ ಹೇಳಿ ಒಳಲೆ ತೊಳೆಯಲು ಹೋದಳು. ಪ್ರವೀಣ ಮಾತ್ರ ಅಲ್ಲೇ ಸಿಕ್ಕಿಬಿದ್ದ. ಹಾಗಾದರೆ ತಾನು ತೊಟ್ಟಿಲಲ್ಲಿ ಹೀಗೇ ಅತ್ತಿರಬೇಕು, ಅರ್ಧಕ್ಕೆ ಬಿಡಿಸಿದ ಅಳು. ತನ್ನ ಪಾಲಿನ ಹಾಲು ಬಿಟ್ಟುಕೊಂಡ ಕಣ್ಣುಗಳೇ ನಿನ್ನೆ ಕುರ್ಚಿಯಲ್ಲಿ ಕೂತು ಲೈನು ತಪ್ಪಿದ್ದನ್ನು ಕಂಡು ಹಿಡಿದವು. ಈಗ ಅದೇ ಶೆಟ್ಟರು ಅಮ್ಮನನ್ನು ರಸ್ತೆಯಲ್ಲಿ ಕಂಡರೆ ವ್ಯಾನಿನ ಕಿಟಕಿಯಿಂದ, ಎಂತ ಪ್ರಭಾವತಿ, ಅನ್ನುತ್ತಾರೆ. ಅಕ್ಕ ಎಲ್ಲಿ ಉದುರಿಬಿತ್ತೋ. ಶಾಪು ದೊಡ್ಡದಾದಾಗಲೋ, ವ್ಯಾನು ಬಂದಾಗಲೋ.

ಕಣ್ಣು ಒಂದಿಷ್ಟು ಬಿಡುವಂತಾದಾಗ ಅಮ್ಮನ ಮಾತಿಗೂ ಕಾಯದೆ ಹೊರಟ. ತಲೆಗೆ ಟವೆಲು ಮುಸುಕಿಕೊಂಡು ಶಾಪಿಗೆ ಹೋಗುವ ದಾರಿಯುದ್ದಕ್ಕೂ ಒಳಗೊಳಗೆ ಮಾತು ಜೋಡಿಸುತ್ತಿದ್ದ. ಕೇಳಬೇಕು. ಸಿಟ್ಟಿನಿಂದಲ್ಲ, ನ್ಯಾಯವಾಗಿ ಕೇಳಬೇಕು. ಆದರೆ ಎಂತ ಕೇಳುವುದು? ಹಾಲು ಕುಡಿದ ಋಣ ಅನ್ನುತ್ತಾರೆ, ಕಣ್ಣಿಗೆ ಬಿಟ್ಟುಕೊಂಡ ಹಾಲಿಗೆ ಋಣ ಉಂಟೋ ಇಲ್ಲವೋ? ಇದ್ದರೆ ಅದು ಅಮ್ಮನದೋ, ತನ್ನದೋ? ಬೇಡ, ಅದೆಲ್ಲ ಬೇಡ, ಹೋಲ್ಡರು ಕೈಗೆ ಕೊಟ್ಟರೆ ಸಾಕು, ಎಲ್ಲ ಮರೆತುಬಿಡುತ್ತೇನೆ ಎಂದು ಒಂದು ಲೈಟುಕಂಬದ ಹತ್ತಿರ ನಿರ್ಧಾರ ಮಾಡಿದ. ಅಷ್ಟು ಬೇಗ ಮರೆಯಲು ತಯಾರಾದದ್ದು ಕಂಡು ತನಗೇ ಅಸಹ್ಯವಾಯಿತು.

ಬೀಜಾಡಿಯ ಮನೆ ಹೊಸದು, ಮುಂಬೈಯಲ್ಲಿ ಹೋಟೆಲು ಇದ್ದವರದು. ಹಿಂದಿನ ವರ್ಷ ಸುನಾಮಿಯ ಸುದ್ದಿ ಬಂದಾಗ ಕಡಲಿಗೆ ಇಷ್ಟು ಹತ್ತಿರ ಮನೆ ಬೇಡ ಅಂದವರು ವರ್ಷ ಕಳೆಯುವುದರೊಳಗೆ ಹೆದರಿಕೆ ಬಿಟ್ಟು ಮನೆ ಮುಗಿಸಿದ್ದರು. ಮರುದಿನವೇ ಗೃಹಪ್ರವೇಶದ ಒಕ್ಕಲು, ಅಷ್ಟರೊಳಗೆ ಗೇಟು ನಿಲ್ಲಲೇಬೇಕು. ಯಜಮಾನತಿ ಸ್ನೇಹಲತಾ ಜಗಲಿಯಲ್ಲಿ ನಿಂತು ಎಲ್ಲರಿಗೂ ಕೆಲಸ ಹೇಳುತ್ತಿದ್ದಳು. ವ್ಯಾನಿನಿಂದ ಗೇಟಿನ ಎರಡು ಬಾಗಿಲುಗಳನ್ನು ಇಳಿಸಿ ಕಂಬಕ್ಕೆ ಒರಗಿಸಿದರು. ಕಡಲ ಕಡೆಯ ಬಿಸಿಲು ಹೊಯ್ಗೆಯ ಮೇಲೆ ಬಿದ್ದು ಮೇಲೆದ್ದು ಬರುತ್ತಿತ್ತು. ಪ್ರವೀಣ ಕಣ್ಣು ಕಿರಿದು ಮಾಡಿಕೊಂಡು ಮೆಷೀನಿಗೆ ವಯರು ಎಳೆದ, ರಾಡಿನ ಪ್ಯಾಕೆಟ್ಟು ಬಿಚ್ಚಿದ, ಹೋಲ್ಡರಿಗೆ ಒಂದು ರಾಡು ಸಿಕ್ಕಿಸಿದ. ಅಷ್ಟರಲ್ಲಿ ನಿತೇಶ ಬಂದು ಅವನ ಕೈಯಿಂದ ಹೋಲ್ಡರು ತೆಗೆದುಕೊಂಡ. ಕಿತ್ತುಕೊಳ್ಳಲಿಲ್ಲ, ಅವನು ಕೆಟ್ಟವನೂ ಅಲ್ಲ. ತನಗೆ ಕೊಡಲೆಂದೇ ಹಿಡಿದಿದ್ದ ವಸ್ತುವನ್ನು ತೆಗೆದುಕೊಳ್ಳುವ ಹಾಗೆ ತೆಗೆದುಕೊಂಡ.

"ಶೆಟ್ರೇ, ಇದ್ ನಾನ್ ಮಾಡ್ಕ್ ಅಂದಿದ್ರಿ," ಅಂದ ಪ್ರವೀಣ.

"ಅಂದದ್ದ್ ಹೌದ್. ನಿನ್ ಕಣ್ ಕಾಣ್, ದಾಸಾಳ ಹೂವಿನ್ ಹಾಂಗಿತ್ತ್. ಈ ಕಣ್ಣಂಗೆ ವೆಲ್ಡಿಂಗ್ ಮಾಡ್ತ್ಯಾ? ಇವತ್ತ್ ನಿತೇಶ ಮಾಡ್ಲಿ. ನೀ ಹಿಡ್ಕೊ."

"ಈ ಕಣ್ಣಂಗೆ ಹಿಡ್ಕಂಬುದ್ ಹ್ಯಾಂಗೆ?"

"ಹಿಡ್ಕಂಬುಕೆ ಕಣ್ ಎಂತಕ್ಕೆ? ಕೈ ಸಾಕಲ್ದಾ?"

ನಿತೇಶ ನಕ್ಕ. ನಿನ್ನೆ ಹಿಡಿದುಕೊಳ್ಳಲು ಕಣ್ಣು ಬೇಕಿತ್ತು, ಕಣ್ಣು ಬಿಟ್ಟೇ ಹಿಡಿಯಬೇಕಿತ್ತು. ಇವತ್ತು ಬೇಡ. ಹಿಡಿದದ್ದರಿಂದ ಕಣ್ಣು ಹೋಯಿತು, ಕಣ್ಣು ಹೋದದ್ದರಿಂದ ಹಿಡಿಯುವುದೇ ಗತಿ. ಹೀಗಾದರೆ ಸಾಯುವ ತನಕ ಹಿಡಿದುಕೊಂಡೇ ಇರಬೇಕು, ಬಾಯಿ ಬಿಟ್ಟು ಇದನ್ನು ಹೇಳಿದರೆ ಅವರಿಗೆ ಅರ್ಥವಾಗುತ್ತದೆಯೇ? ಅರ್ಥವಾಗದಿರಲು ಶೆಟ್ಟರು ದಡ್ಡರಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಪ್ರವೀಣ ಗೇಟಿನ ಬಾಗಿಲನ್ನು ಭುಜ ಕೊಟ್ಟು ಎತ್ತಿ, ಕಂಬದಿಂದ ಹೊರಬಂದ ಕಬ್ಬಿಣದ ತುಂಡಿಗೆ ತಾಗಿಸಿ ನಿಂತ. ಭಾರಕ್ಕೆ ತೊಡೆ ನಡುಗಿತು. ಕಣ್ಣು ಗಟ್ಟಿ ಮುಚ್ಚಿದ. ನಿತೇಶ ಶೀಲ್ಡು ಮುಖಕ್ಕೆ ಇಳಿಸಿಕೊಂಡು ರಾಡು ಮುಟ್ಟಿಸಿದ, ಚರ್ ಅಂತು, ಅಂಟಿತು. ಮತ್ತೆ ಚರ್ ಅಂತು. ಮುಚ್ಚಿದ ರೆಪ್ಪೆಯ ಒಳಗೂ ಕೆಂಪು ಬೆಳಗಿ ಆರುತ್ತಿತ್ತು, ಬೆಳಗಿ ಆರುತ್ತಿತ್ತು. ಬೆಳಿಗ್ಗೆ ವನಜನ ಮಗುವಿನ ಬಾಯಿಂದ ಬಿಡಿಸಿ ತಂದದ್ದನ್ನು ಇವನು ಒಂದು ಗಳಿಗೆಯಲ್ಲಿ ಸುಟ್ಟು ಮುಗಿಸುತ್ತಿದ್ದಾನೆ. ಆ ಯೋಚನೆ ಬಂದದ್ದೇ ತಡ, ದಾರಿಯಲ್ಲಿ ಜೋಡಿಸಿಟ್ಟ ನ್ಯಾಯದ ಮಾತೆಲ್ಲ ಬಿಟ್ಟುಹೋಗಿ ಬೇರೆಯೇ ಮಾತು ಬಾಯಿಗೆ ಬಂತು.

"ಶೆಟ್ರೇ, ನಿಮ್ ಮಗ್ಳ್ ಬಾಣಂತಿ ಅಲ್ದಾ? ಒಂದ್ ಒಳಲೆ ಹಾಲ್ ಕೇಂಡ್ ತರ್ಸಿ. ಕಣ್ ಹೋದ್ದ್ ನಿಮ್ ಗೇಟಿಗೆ."

ನಿತೇಶನ ರಾಡು ನಿಂತಿತು. ಜಗಲಿಯಲ್ಲಿ ಚಾದ ತಟ್ಟೆ ಹಿಡಿದು ಬರುತ್ತಿದ್ದ ಸ್ನೇಹಲತಾ ಅಲ್ಲೇ ನಿಂತಳು. ಬೆಳಿಗ್ಗೆ ವನಜನ ಬಾಗಿಲಲ್ಲಿ ಇದೇ ಮಾತು ಬರೀ ಮದ್ದಿನ ಮಾತಾಗಿತ್ತು. ಇಲ್ಲಿ, ಈ ಹೊಸ ಮನೆಯ ಎದುರು, ಶೆಟ್ಟರ ಮಗಳ ಹೆಸರಿಗೆ ತಾಗಿದ ಕೂಡಲೇ ಹೊಲಸಾಯಿತು. ಅದು ಹೊಲಸಾದದ್ದು ಹೇಗೆ ಎಂದು ಪ್ರವೀಣನಿಗೆ ನಿಜವಾಗಿಯೂ ಕೇಳಬೇಕೆನ್ನಿಸಿತು. ವನಜನ ಹಾಲು ಹಾಲು, ವಿಜೇತಾಳ ಹಾಲು ಮಾನ?

"ಎಂತ ಹೇಳ್ದೆ?" ಶೆಟ್ಟರ ದನಿ ಸಣ್ಣದಾಗಿತ್ತು.

"ನನ್ನಮ್ಮ ನಿಮ್ಗ್ ಕೊಟ್ಟಿರ್ಲಿಲ್ಯಾ?"

ಇದನ್ನು ಅವರು ಇಲ್ಲವೆನ್ನುತ್ತಾರೆ, ಇಲ್ಲವೇ ಕೈಯೆತ್ತಿ ಹೊಡೆಯುತ್ತಾರೆ ಎಂದು ಪ್ರವೀಣ ಕಾದ. ಎರಡೂ ಆಗಲಿಲ್ಲ. ಶೆಟ್ಟರು ಸ್ನೇಹಲತಾಳ ಕಡೆ ಒಮ್ಮೆ ನೋಡಿ, ನಗುವಿನಂಥದ್ದೊಂದನ್ನು ಮುಖಕ್ಕೆ ತಂದುಕೊಂಡು, ತೀರಾ ಸಮಾಧಾನದಲ್ಲಿ ಹೇಳಿದರು: "ಕೊಟ್ಟಿತ್ತ್. ಅದ್ಕೇ ಅಲ್ದನಾ ನಿನ್ನ್ ಕೆಲ್ಸಕ್ಕ್ ಇಟ್ಕಂಡದ್ದ್. ಇಲ್ದಿದ್ರೆ ಹಿಡ್ಕಂಬುಕೆ ಜನ ಸಿಕ್ಕುದಿಲ್ಯಾ?"

ಹಾಗಾದರೆ ಇಷ್ಟು ದಿನ ಕೊಟ್ಟದ್ದು ಕೆಲಸವಲ್ಲ, ಋಣ ತೀರಿಸಿದ್ದು. ತೊಟ್ಟಿಲಲ್ಲಿ ಹಸಿದು ಅತ್ತದ್ದಕ್ಕೆ ಪರಿಹಾರ, ದೊಡ್ಡವನಾದ ಮೇಲೆ ಕಣ್ಣು ಸುಡಿಸಿಕೊಳ್ಳುವ ಅವಕಾಶ. "ಹಿಡ್ಕಣಿ ಶೆಟ್ರೇ, ನಾ ಬಿಡ್ತೆ," ಅಂದ ಪ್ರವೀಣ. ಬಿಟ್ಟುಬಿಡಲಿಲ್ಲ, ಅವರು ಓಡಿಬಂದು ಭುಜ ಕೊಡುವ ತನಕ ನಿಂತ, ಭಾರ ಅತ್ತ ದಾಟಿದ್ದು ಗೊತ್ತಾದ ಮೇಲೆ ಕೈ ತೆಗೆದ. ಒಕ್ಕಲಿನ ಮನೆಯ ಗೇಟು, ಯಜಮಾನತಿ ನೋಡುತ್ತಿದ್ದಾಳೆ, ಕೆಳಗಿಡುವ ಹಾಗಿಲ್ಲ. "ನೀ ಹೊಡಿ ಮರಾಯ," ಅಂದರು ಶೆಟ್ಟರು ನಿತೇಶನಿಗೆ. ಚರ್ ಅಂತು. "ಲೈನ್ ಕಾಣ್, ಲೈನ್," ಅನ್ನುತ್ತ ಅವರೇ ಕಣ್ಣು ಬಿಟ್ಟು ನೋಡುತ್ತಿದ್ದರು. ನಿತೇಶನ ಕೈ ನಂಬಿ ಕಣ್ಣು ಮುಚ್ಚುವ ಧೈರ್ಯ ಅವರಿಗೂ ಇರಲಿಲ್ಲ. ಗೇಟಿನ ಎರಡು ಬಾಗಿಲೂ ಕೂರುವ ತನಕ ಅವರೇ ಹಾಗೆ ಹಿಡಿದು ನಿಲ್ಲಬೇಕಿತ್ತು. ಪ್ರವೀಣ ಟವೆಲು ಕೊಡವಿ ಹೊರಟ. ಬೀಜಾಡಿಯಿಂದ ಹೆದ್ದಾರಿಗೆ ಬರುವವರೆಗೂ ಕಾಲಿಗೆ ನೆಲ ತಾಗುತ್ತಿರಲಿಲ್ಲ. ಹೆದ್ದಾರಿ ಸಿಕ್ಕಿದ ಮೇಲೆ, ಹೋಲ್ಡರು ಹೋಯಿತು ಎಂಬುದು ನೆನಪಾಯಿತು.

ಅಮ್ಮನಿಗೆ ಸುದ್ದಿ ಅವನಿಗಿಂತ ಮೊದಲು ಮುಟ್ಟಿತ್ತು. ಬೀಜಾಡಿಯ ಮೀನಿನ ಹೆಂಗಸರ ಬುಟ್ಟಿಯಲ್ಲಿ ಬೂತಾಯಿ ಮೀನಿನ ಜೊತೆ ಬಂದಿರಬೇಕು. ಅನ್ನ ಬಡಿಸಿದಳು. ಅವನು ಉಂಡು ಕೈ ತೊಳೆದ ಮೇಲೆ ಕೇಳಿದಳು: "ನಾನ್ ಕೊಟ್ಟದ್ದನ್ನ ನೀನ್ ಎಂತಕ್ಕೆ ಊರೆದ್ರ್ ಕೇಂಡ್ದ್? ನನ್ನ್ ಎದಿಹಾಲಿನ್ ಸುದ್ದಿ ಆ ಹೆಂಗ್ಸಿನ್ ಎದ್ರ್?" ಶೆಟ್ಟರ ಮಗಳ ಮಾನದ ಬಗ್ಗೆ ಅಷ್ಟೆಲ್ಲ ತರ್ಕ ಮಾಡಿದವನಿಗೆ ಅಮ್ಮನಿಗೂ ಒಂದು ಮಾನ ಇದೆಯೆಂದು ಹೊಳೆದಿರಲಿಲ್ಲ. ತಪ್ಪಾಯಿತು ಅನ್ನಲು ಬಾಯಿ ತೆರೆದ, ಆದರೆ ತಪ್ಪಾಯಿತು ಅಂದರೆ ಆ ಮಾತು ಶೆಟ್ಟರಿಗೂ ಹೋಗಿ ಸೇರುತ್ತದೆ ಅನ್ನಿಸಿ ಮುಚ್ಚಿದ. ಅಮ್ಮ ಎಂಜಲು ಬಳಿದು ಹೊರಗೆ ಹೋದಳು.

ಮರುದಿನ ಹೊತ್ತಾರೆ ಗೇರುಮರದ ಕೆಳಗೆ ವ್ಯಾನು ನಿಂತ ಸದ್ದಾಯಿತು. ಇಳಿದು ಬಂದವನು ನಿತೇಶ, ಕೈಯಲ್ಲಿ ಸ್ಟೀಲಿನ ಲೋಟ. ಪ್ರವೀಣ ಜಗಲಿಯಲ್ಲಿ ಕೂತದ್ದು ಕಂಡರೂ ಕಾಣದವನ ಹಾಗೆ ನೇರ ವನಜನ ಅಂಗಳಕ್ಕೆ ಹೋದ. ಅಮ್ಮನೂ ಅಲ್ಲೇ ಇದ್ದಳು, ಮಗುವಿಗೆ ಎಣ್ಣೆ ತಿಕ್ಕುತ್ತ.

"ಮಾವನ ಕಣ್ಣಿಗ್ ಹೊಡ್ದಿತ್ತ್. ಇದ್ರಂಗೆ ಒಂಚೂರ್ ಹಾಲ್ ಕೊಡ್ಕಂಬ್ರ್."

ವನಜ ಲೋಟವನ್ನೇ ನೋಡಿದಳು. "ಲೋಟದಂಗ್ ಕೊಂಡ್ ಹೋಪುಕೆ ಇದ್ ಡೈರಿ ಹಾಲಲ್ಲ. ತಣ್ದ್ ಹೋದ್ರ್ ಆಪುದಿಲ್ಲ. ಯಾರ್ ಕಣ್ಣೋ ಅವ್ರೇ ಬರ್ಲಿ."

ನಿತೇಶ ಅಮ್ಮನ ಮುಖ ನೋಡಿದ. ಅಮ್ಮ ಮಗುವಿನ ಕಾಲು ನೀವುತ್ತಲೇ ಇದ್ದಳು. ಅವನು ವ್ಯಾನಿಗೆ ಹೋದ, ಅಲ್ಲಿ ಏನೋ ಗುಸುಗುಸು, ಬಾಗಿಲು ಒಮ್ಮೆ ತೆರೆದು ಮುಚ್ಚಿತು, ಮತ್ತೆ ತೆರೆಯಿತು. ಭೋಜ ಶೆಟ್ಟರು ಬಂದರು. ಇಸ್ತ್ರಿ ಮಾಡಿದ ಬಿಳಿ ಶರಟು, ಒಂದು ಕೈ ನಿತೇಶನ ಹೆಗಲ ಮೇಲೆ, ಇನ್ನೊಂದು ಕೈ ಗಾಳಿಯಲ್ಲಿ. ಎರಡೂ ಕಣ್ಣು ಊದಿ ಮುಚ್ಚಿದ್ದವು. ಮನೆಯಲ್ಲಿ ಬಾಣಂತಿ ಇದ್ದಾಳೆ, ಆದರೆ ಯಾವ ಅಪ್ಪ ಮಗಳ ಹತ್ತಿರ ಅದನ್ನು ಕೇಳುತ್ತಾನೆ? ಅಷ್ಟು ಪ್ರವೀಣನಿಗೂ ಅರ್ಥವಾಯಿತು. ಇಷ್ಟು ದೊಡ್ಡ ಊರಿನಲ್ಲಿ ಕಣ್ಣಿಲ್ಲದೆ ಬರಲು ಅವರಿಗೆ ಗೊತ್ತಿದ್ದದ್ದು ಈ ಓಣಿಯೊಂದೇ. ಪಾಪ ಅನ್ನಿಸಿತು. ಅನ್ನಿಸಿದ್ದಕ್ಕೆ ಅವನು ತನ್ನನ್ನು ಬೈದುಕೊಳ್ಳಲಿಲ್ಲ.

"ಪ್ರಭಾವತಕ್ಕ ಇತ್ತಾ?" ಅಂದರು ಶೆಟ್ಟರು.

ಅಮ್ಮ ಎದ್ದು ಅವರ ಕೈ ಹಿಡಿದು ಜಗಲಿಗೆ ಹತ್ತಿಸಿದಳು. ವನಜ ಒಳಗೆ ಹೋದಳು. ಮಗು ಅತ್ತಿತು. ಅಮ್ಮ ಒಳಲೆ ತಂದು, ಶೆಟ್ಟರ ತಲೆ ಹಿಂದಕ್ಕೆ ಬಗ್ಗಿಸಿ, ಪ್ರವೀಣನಿಗೆ ಬಿಟ್ಟ ಹಾಗೇ ಒಂದೊಂದೇ ಹನಿ ಬಿಟ್ಟಳು. ಕೈಯಲ್ಲಿ ಸಿಟ್ಟೂ ಇರಲಿಲ್ಲ, ವಿಶೇಷ ಪ್ರೀತಿಯೂ ಇರಲಿಲ್ಲ. ಹಾಲು ತುಂಬಿ ಅವರ ಗಲ್ಲದ ಗುಂಟ ಇಳಿದು ಬಿಳಿ ಶರಟಿನ ಕಾಲರಿಗೆ ಸೇರಿತು. ಶೆಟ್ಟರು ಉಸಿರು ಬಿಟ್ಟರು. ಪ್ರವೀಣ ಬೇಲಿ ದಾಟಿ ಬಂದು ಅಂಗಳದಲ್ಲಿ ನಿಂತಿದ್ದ. ಹೆಜ್ಜೆಯ ಸದ್ದಿಗೇ ಅವರಿಗೆ ಗೊತ್ತಾಗಿರಬೇಕು, ಇಲ್ಲವೇ ನಿತೇಶ ಭುಜ ಒತ್ತಿರಬೇಕು.

"ಪ್ರವೀಣನಾ?" ಅಂದರು. ಅವನು ಕಾದ. ಇಷ್ಟಾದ ಮೇಲೆ ಯಾರಾದರೂ ಏನಾದರೂ ಹೇಳಲೇಬೇಕು ಎಂದು ಕಾದ. ತಪ್ಪಾಯಿತು ಅನ್ನುವುದು ಬೇಡ, ಗಾಜು ತರಿಸುತ್ತೇನೆ ಅಂದರೂ ಸಾಕಿತ್ತು.

"ನಾಳಿಂದ ಬಾ ಮಾಣಿ," ಅಂದರು ಶೆಟ್ಟರು, ಕೆನ್ನೆಯ ಹಾಲನ್ನು ಅಂಗೈಯಿಂದ ಒರೆಸಿಕೊಳ್ಳುತ್ತ. "ಗಂಗೊಳ್ಳಿದ್ ಒಂದ್ ಕೆಲ್ಸ ಇತ್ತ್. ಹಿಡ್ಕಂಬುಕೆ ಜನ ಇಲ್ಲ."

ಅಮ್ಮ ಒಳಲೆ ಹಿಡಿದುಕೊಂಡೇ ಮಗನ ಕಡೆ ತಿರುಗಿದಳು. ಬರುತ್ತೇನೆ ಅನ್ನು ಎಂದು ಅವಳ ಮುಖ ಹೇಳುತ್ತಿತ್ತೋ, ಬೇಡ ಎಂದು ಹೇಳುತ್ತಿತ್ತೋ, ಅವನು ನೋಡಲಿಲ್ಲ. ಜಗಲಿಯ ಮೆಟ್ಟಿಲವರೆಗೆ ಹೋಗಿ ಶೆಟ್ಟರ ಎದುರಿಗೇ ನಿಂತ.

"ಕಣ್ ಬಿಟ್ಕಂಡ್ ಹೇಳಿ ಶೆಟ್ರೇ," ಅಂದ. "ನನ್ನ ಮುಖ ಕಂಡ್ಕಂಡ್ ಹೇಳಿ."

ಶೆಟ್ಟರು ಬಿಡಲು ನೋಡಿದರು. ಆಗಲಿಲ್ಲ.